ಹಳೇ ಎಕ್ಸ್‌ಪರ್ಟ್ ಸಿಸ್ಟಮ್‌ಗಳು ಬರೀ ಟೆಕ್ಸ್ಟಾ? ಚಿತ್ರ, ವಿಡಿಯೋ ತೋರಿಸ್ತಿದ್ದದ್ದು ಯಾವ್ದಾದ್ರೂ ಇತ್ತಾ?

ಮಲ್ನಾಡ್_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರಿಂಗ್ ಕಾಲೇಜಲ್ಲಿ ಎಐ ಪಾಠ ಮಾಡ್ತೀನಿ. ಸಿಲಬಸ್‌ನಲ್ಲಿ ಎಕ್ಸ್‌ಪರ್ಟ್ ಸಿಸ್ಟಮ್ (ತಜ್ಞರ ಜ್ಞಾನವನ್ನ ರೂಲ್‌ಗಳಾಗಿ ಬರೆದಿಟ್ಟು ಅವರ ಥರ ಸಲಹೆ ಕೊಡೋ ಪ್ರೋಗ್ರಾಮ್) ಅಂತ ಒಂದು ಯೂನಿಟ್ ಇನ್ನೂ ಉಳ್ಕೊಂಡಿದೆ, ಡೆಂಡ್ರಲ್, ಮೈಸಿನ್ ಅಂತ ಅಂಥಾ ಎರಡು ಹಳೇ ಸಿಸ್ಟಮ್‌ಗಳ ಹೆಸರು, ಒಂದೆರಡು ಇಫ್-ದೆನ್ ರೂಲು, ಫಾರ್ವರ್ಡ್ ಚೈನಿಂಗ್ (ಗೊತ್ತಿರೋದರಿಂದ ತೀರ್ಮಾನದ ಕಡೆಗೆ ಹೋಗೋದು) ಬ್ಯಾಕ್‌ವರ್ಡ್ ಚೈನಿಂಗ್ (ತೀರ್ಮಾನದಿಂದ ಹಿಂದಕ್ಕೆ ಹೋಗಿ ಪರೀಕ್ಷಿಸೋದು) ಅಂತ ಒಂದು ಡಯಾಗ್ರಾಮು, ಅಲ್ಲಿಗೆ ಮುಗೀತು. ಹುಡುಗ್ರು ಪರೀಕ್ಷೆಗೆ ಬಾಯಿಪಾಠ ಹೊಡೀತಾರೆ, ಬರೆದು ಬರ್ತಾರೆ, ಮರೀತಾರೆ. ಇನ್ನೊಂದು ಕಡೆ ಮಲ್ಟಿಮೀಡಿಯಾ ಅನ್ನೋ ಬೇರೆ ಪೇಪರ್ ಇದೆ, ಅದ್ರಲ್ಲಿ ಸ್ಕೆಚ್‌ಪ್ಯಾಡ್ ಅನ್ನೋ ಹಳೇ ಚಿತ್ರ ಬರೆಯೋ ಪ್ರೋಗ್ರಾಮು, ಎಂಗೆಲ್‌ಬಾರ್ಟ್ ಅವರು ಮೌಸ್ ತೋರಿಸಿದ 1968ರ ಡೆಮೋ, ಆಮೇಲೆ ಸೀದಾ ಸಿಡಿ-ರಾಮ್‌ಗೆ ಹಾರಿಬಿಡ್ತಾರೆ.

ಕ್ಲಾಸಲ್ಲಿ ಒಬ್ಬ ಹುಡುಗಿ ಒಳ್ಳೇ ಪ್ರಶ್ನೆ ಕೇಳಿದ್ಲು: ಸರ್, ಈ ಎರಡೂ ಒಂದೇ ಕಾಲದಲ್ಲಿ ಬೆಳೀತಿದ್ವಲ್ಲ, ಒಂದನ್ನೊಂದು ಎಲ್ಲೂ ಮುಟ್ಟಲೇ ಇಲ್ವಾ? ಅಂದ್ರೆ 70-80ರ ದಶಕದಲ್ಲಿ ಎಕ್ಸ್‌ಪರ್ಟ್ ಸಿಸ್ಟಮ್ ಅಂದ್ರೆ ಹಸಿರು ಅಕ್ಷರದ ಟರ್ಮಿನಲ್ ಮುಂದೆ ಕೂತು ಯೆಸ್, ನೋ ಅಂತ ಟೈಪ್ ಮಾಡೋದು ಅಷ್ಟೇನಾ, ಇಲ್ಲಾ ಯಾರಾದ್ರೂ ಚಿತ್ರ, ಫೋಟೋ, ವಿಡಿಯೋ ಸೇರಿಸಿ ಮಾಡಿದ್ರಾ? ನಂಗೆ ಹೇಳಿಕೆಗಿಂತ ಒಂದು ನಿಜವಾದ ಕೇಸ್ ಬೇಕು, ಯಾವ ಮಷೀನು, ಯಾರಿಗೋಸ್ಕರ ಮಾಡಿದ್ರು, ಒಳಗೆ ಹೆಂಗೆ ಕೆಲಸ ಮಾಡ್ತಿತ್ತು, ಆಮೇಲೆ ಏನಾಯ್ತು. ಗೊತ್ತಿರೋರು ದಯವಿಟ್ಟು ವಿವರವಾಗಿ ಬರೀರಿ, ಉದ್ದ ಆದ್ರೂ ಪರ್ವಾಗಿಲ್ಲ.

ಲಿಸ್ಪ್_ಅಜ್ಜ:

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಮುಟ್ಟಿದ್ವು, ಅದೂ ಎಲ್ಲಿ ಅಂದ್ರೆ ರೈಲ್ವೆ ಇಂಜಿನ್ ರಿಪೇರಿ ಶೆಡ್‌ನಲ್ಲಿ. ಡೆಲ್ಟಾ ಅಂತ ಹೆಸರು, ಡೀಸೆಲ್ ಎಲೆಕ್ಟ್ರಿಕ್ ಲೋಕೋಮೋಟಿವ್ ಟ್ರಬಲ್‌ಶೂಟಿಂಗ್ ಏಡ್ ಅನ್ನೋದರ ಶಾರ್ಟ್‌ಫಾರ್ಮ್. ಇನ್ನೊಂದು ಹೆಸರು ಕ್ಯಾಟ್ಸ್-1. ಜನರಲ್ ಎಲೆಕ್ಟ್ರಿಕ್ ಕಂಪನಿಯವರು 80ರ ದಶಕದ ಶುರುವಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯ ತಮ್ಮ ರಿಸರ್ಚ್ ಸೆಂಟರ್‌ನಲ್ಲಿ ಮಾಡಿದ್ದು. ಪಠ್ಯಪುಸ್ತಕದಲ್ಲಿ ಇದಕ್ಕೆ ಎರಡು ಸಾಲೂ ಸಿಗಲ್ಲ, ನನ್ನ ಪ್ರಕಾರ ಅದು ದೊಡ್ಡ ಅನ್ಯಾಯ.

ಹಿನ್ನೆಲೆ ಹೀಗೆ. ಅವರ ಲೋಕೋಮೋಟಿವ್ ಕಾರ್ಖಾನೆ ಪೆನ್ಸಿಲ್ವೇನಿಯಾದ ಈರಿ ಊರಲ್ಲಿ ಇತ್ತು. ಅಲ್ಲಿ 40 ವರ್ಷಕ್ಕಿಂತ ಜಾಸ್ತಿ ಸರ್ವೀಸ್ ಆಗಿದ್ದ ಒಬ್ಬ ಹಿರಿಯ ಫೀಲ್ಡ್ ಸರ್ವೀಸ್ ಇಂಜಿನಿಯರ್ ಇದ್ರು, ಇಂಜಿನ್‌ದು ಏನೇ ಬಿಡಿಸಲಾಗದ ತೊಂದ್ರೆ ಬಂದ್ರೂ ಕೊನೆಗೆ ಅವರ ಹತ್ರಾನೇ ಬರ್ತಿತ್ತು. ಒಂದೋ ಕೆಟ್ಟ ಇಂಜಿನ್ ಅವರಿರೋ ಕಡೆ ಎಳ್ಕೊಂಡು ಬರಬೇಕು, ಇಲ್ಲಾ ಅವರನ್ನ ವಿಮಾನ ಹತ್ತಿಸಿ ಆ ಊರಿಗೆ ಕಳಿಸ್ಬೇಕು. ಅವರು ರಿಟೈರ್ ಆಗೋ ವಯಸ್ಸಿಗೆ ಬಂದಿದ್ರು. ಆ ತಲೇಲಿ ಇರೋದನ್ನ ರೂಲ್ ಮಾಡಿ ಇಳಿಸ್ಕೋಬೇಕು ಅಂತ ಹೊರಟಿದ್ದೇ ಡೆಲ್ಟಾ.

ಮೊದಲು ಲಿಸ್ಪ್ ಅನ್ನೋ ಎಐ ಪ್ರೋಗ್ರಾಮಿಂಗ್ ಭಾಷೇಲಿ ಸಣ್ಣದೊಂದು ಪ್ರೋಟೋಟೈಪ್ ಮಾಡಿದ್ರು, 45 ರೂಲು ಅಷ್ಟೇ. ಸಾಧ್ಯ ಅಂತ ಗೊತ್ತಾದ ಮೇಲೆ ಪೂರ್ತಿ ಫೋರ್ತ್ ಭಾಷೆಗೆ ಬದಲಾಯಿಸಿದ್ರು, ಯಾಕಂದ್ರೆ ಲಿಸ್ಪ್ ಓಡೋ ದೊಡ್ಡ ಮಷೀನ್ ತಗೊಂಡೋಗಿ ಎಣ್ಣೆ ಗ್ರೀಸಿನ ಶೆಡ್‌ನಲ್ಲಿ ಇಡೋಕಾಗಲ್ಲ. 1983ರ ಹೊತ್ತಿಗೆ ಸುಮಾರು 530 ರೂಲ್ ಆಗಿತ್ತು. ಪಿಡಿಪಿ-11/23 ಅನ್ನೋ ಸಣ್ಣ ಕಂಪ್ಯೂಟರು, 10 ಮೆಗಾಬೈಟ್ ಹಾರ್ಡ್ ಡಿಸ್ಕು, ಗ್ರಾಫಿಕ್ಸ್ ಬೋರ್ಡ್ ಹಾಕಿದ ಒಂದು ಟರ್ಮಿನಲ್ಲು, ಪಕ್ಕದಲ್ಲಿ ಒಂದು ಲೇಸರ್ ವಿಡಿಯೋಡಿಸ್ಕ್ (ಲೇಸರ್‌ಡಿಸ್ಕ್ ಅಂತಲೂ ಅಂತಾರೆ) ಪ್ಲೇಯರ್ರು, ಪ್ರಿಂಟರ್ರು. ನಿಮ್ಮ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಆ ವಿಡಿಯೋಡಿಸ್ಕ್ ಪ್ಲೇಯರ್.

ಕೆಲಸ ಹೆಂಗೆ ಅಂದ್ರೆ, ಮೆಕ್ಯಾನಿಕ್ ಬಂದು ಏನು ತೊಂದ್ರೆ ಅಂತ ಮೆನುವಿನಲ್ಲಿ ಆರಿಸ್ತಾನೆ. ಸಿಸ್ಟಮ್ಮು ಒಂದೊಂದಾಗಿ ಕೇಳುತ್ತೆ, ಇದನ್ನ ಅಳತೆ ಮಾಡು, ಅದನ್ನ ನೋಡು ಅಂತ. ಮೆಕ್ಯಾನಿಕ್‌ಗೆ ಅದು ಕೇಳಿದ ಪಾರ್ಟ್ ಎಲ್ಲಿದೆ ಅಂತ ಗೊತ್ತಿಲ್ಲ ಅಂದ್ರೆ ಹೆಲ್ಪ್ ಕೇಳ್ಬಹುದು, ಆಗ ಸ್ಕ್ರೀನ್ ಮೇಲೆ ಡ್ರಾಯಿಂಗ್ ಬರುತ್ತೆ, ಪಾರ್ಟು ಇಂಜಿನ್‌ನ ಯಾವ ಜಾಗದಲ್ಲಿದೆ ಅಂತ ತೋರಿಸುತ್ತೆ. ತೊಂದ್ರೆ ಏನು ಅಂತ ತೀರ್ಮಾನ ಆದ್ಮೇಲೆ ರಿಪೇರಿ ಹೆಂಗೆ ಮಾಡ್ಬೇಕು ಅಂತ ಸೂಚನೆ ಕೊಡುತ್ತೆ, ಅದರ ಜೊತೆ ಆ ರಿಪೇರಿಯ ಟ್ರೈನಿಂಗ್ ಫಿಲ್ಮನ್ನೇ ವಿಡಿಯೋಡಿಸ್ಕ್‌ನಿಂದ ಓಡಿಸಿ ತೋರಿಸುತ್ತೆ. 1983ರಲ್ಲಿ!

ಒಂದು ರೂಲ್ ಹೇಳ್ತೀನಿ ನೋಡಿ, ನನಗೆ ತುಂಬಾ ಇಷ್ಟವಾದದ್ದು. ಇಂಜಿನ್ ಐಡಲ್‌ನಲ್ಲಿ ಇದೆ, ಫ್ಯೂಯಲ್ ಪ್ರೆಷರ್ ನಾರ್ಮಲ್‌ಗಿಂತ ಕಮ್ಮಿ ಇದೆ, ಅಳತೆ ಮಾಡೋಕೆ ಪ್ರೆಷರ್ ಗೇಜ್ ಬಳಸಿದೀರಿ, ಆ ಗೇಜ್ ಸರಿಯಾಗಿದೆ, ಈ ನಾಲ್ಕೂ ನಿಜವಾದ್ರೆ ಫ್ಯೂಯಲ್ ಸಿಸ್ಟಮ್ ಕೆಟ್ಟಿದೆ, ನಂಬಿಕೆ ಪೂರಾ 1.00. ನಾಲ್ಕನೇ ಷರತ್ತು ಗಮನಿಸಿ. ಗೇಜ್ ಸರಿ ಇದೆಯಾ ಅಂತ ಮೊದಲು ಕೇಳೋದು ಪುಸ್ತಕ ಓದಿದವನಿಗೆ ಹೊಳೆಯಲ್ಲ, ಕೆಟ್ಟ ಗೇಜ್ ನಂಬ್ಕೊಂಡು ಒಮ್ಮೆ ಇಡೀ ಪಂಪ್ ಬಿಚ್ಚಿದವನಿಗೆ ಮಾತ್ರ ಹೊಳೆಯೋದು. ಅದೇ ಎಕ್ಸ್‌ಪರ್ಟ್‌ನೆಸ್ಸು, ಅದು ರೂಲ್‌ನೊಳಗೆ ಬಂದು ಕೂತಿದೆ.

ಹುಬ್ಳಿ_ಲೋಕೋ:

ಅಜ್ಜಾರ, ಗೇಜಿನ ಮಾತ ಓದಿ ಭಾಳ ಖುಷಿ ಆತ್ರಿ. ನಾನು ಡೀಸೆಲ್ ಶೆಡ್‌ನ್ಯಾಗ ಕೆಲಸ ಮಾಡಿ ರಿಟೈರ್ ಆದಂವ, ಕಂಪ್ಯೂಟರ್ ವಿದ್ಯಾ ನನಗ ಅಷ್ಟಕ್ಕಷ್ಟ, ಆದ್ರ ಈ ವಿಷಯ ನಮ್ಮದ ಐತಿ ಅಂತ ಬರೀತೀನಿ.

ಆಲ್ಕೋ ಅನ್ನೂ ಹಳೇ ಡೀಸೆಲ್ ಇಂಜಿನ್ ಇದ್ದಾಗ ನಮ್ಮ ಹಿರಿಯ ಫಿಟ್ಟರ್‌ಗೋಳು ಹೊಗಿ ಬಣ್ಣಾ ನೋಡಿ ಹೇಳತಿದ್ರು. ಲೋಡ್ ತಗೊಂಡಾಗ ಕರೀ ಹೊಗಿ ಬಂತಂದ್ರ ಎಣ್ಣಿ ಹೆಚ್ಚು ಗಾಳಿ ಕಡಿಮಿ, ಟರ್ಬೋ ನೋಡು, ಏರ್ ಫಿಲ್ಟರ್ ನೋಡು ಅಂತಿದ್ರು. ನೀಲಿ ಹೊಗಿ ಅಂದ್ರ ಲ್ಯೂಬ್ ಆಯಿಲ್ ಸುಡಾಕತ್ತೈತಿ. ಪವರ್ ಬರವಲ್ದು ಅಂದ್ರ ಮೊದಲ ಲೋಡ್ ಬಾಕ್ಸ್ (ಗಾಡಿ ನಿಂತಲ್ಲೇ ಜನರೇಟರ್ ಮ್ಯಾಲೆ ಲೋಡ್ ಹಾಕೂ ಸಾಧನ) ಹಚ್ಚಿ ನೋಡೂದು, ಯಾಕಂದ್ರ ತೊಂದ್ರಿ ಇಂಜಿನ್‌ನ್ಯಾಗ ಐತೋ ಜನರೇಟರ್ ಕಡೆ ಐತೋ ಮೊದಲ ಬ್ಯಾರೆ ಮಾಡ್ಕೋಬೇಕು. ಡೀಸೆಲ್ ಎಲೆಕ್ಟ್ರಿಕ್ ಅಂದ್ರ ಇದ ನೋಡ್ರಿ ಕಷ್ಟ, ಡೀಸೆಲ್ ಇಂಜಿನ್ ಜನರೇಟರ್ ತಿರಗಸ್ತದ, ಜನರೇಟರ್ ಕರೆಂಟ್ ಕೊಡ್ತದ, ಆ ಕರೆಂಟಿಂದ ಗಾಲಿ ಮ್ಯಾಲಿನ ಟ್ರ್ಯಾಕ್ಷನ್ ಮೋಟರ್ ತಿರಗತಾವ. ಗಾಡಿ ಎಳಿಯಂಗಿಲ್ಲ ಅನ್ನೂದು ಒಂದ ಮಾತು, ಕಾರಣ ಈ ಮೂರರಾಗ ಎಲ್ಲಿ ಬೇಕಾದ್ರೂ ಇರಬಹುದು. ಮೆಕ್ಯಾನಿಕಲ್‌ದಂವ ಎಲೆಕ್ಟ್ರಿಕಲ್ ಕಡೆ ಕೈ ಮಾಡತಾನ, ಎಲೆಕ್ಟ್ರಿಕಲ್‌ದಂವ ಮೆಕ್ಯಾನಿಕಲ್ ಕಡೆ. ಎರಡೂ ಗೊತ್ತಿದ್ದಂವ ಶೆಡ್‌ಗೆ ಒಬ್ಬ ಇಬ್ಬರ ಇರತಿದ್ರು. ಹಂಗಾಗಿ ಆ ಕಂಪನಿಯವರು ಅಂಥಾ ಒಬ್ಬರ ತಲಿ ಹಿಡಕೊಂಡು ಕುಂತಿದ್ದು ನನಗ ಪೂರಾ ತಿಳೀತದ.

ಮತ್ತ ಚಿತ್ರದ ಮಾತು. ಹೊಸಾ ಹುಡುಗಗ "ರಿಲೇ ಚೆಕ್ ಮಾಡು" ಅಂದ್ರ ಅಂವ ಕಂಟ್ರೋಲ್ ಕ್ಯಾಬಿನೆಟ್ ಬಾಗ್ಲಾ ತಗದು ನಿಂತಬಿಡತಾನ, ಅದರಾಗ ಸಾಲಕ ಒಂದ ನಮೂನಿ ಕಾಣೂ ರಿಲೇ ಇರತಾವ. ಮಾತಿನ್ಯಾಗ ಹೇಳಾಕ ಬರೂದಿಲ್ಲ, ಕೈ ಹಿಡದು ತೋರಿಸಬೇಕು. ಆ ಸಿಸ್ಟಮ್ ಚಿತ್ರಾ ಇಟ್ಟಿದ್ದು ಅದಕ್ಕ ಇರಬೇಕು. 1999ರಾಗ ಅಮೆರಿಕಾದ ಜನರಲ್ ಮೋಟರ್ಸ್ ಕಂಪನಿಯ ರೈಲ್ವೆ ಇಂಜಿನ್ ವಿಭಾಗ ಇಎಂಡಿಯವರ ಡಬ್ಲ್ಯುಡಿಜಿ-4 ಇಂಜಿನ್ ನಮ್ಮ ದೇಶಕ್ಕ ಬಂತು, ಹುಬ್ಬಳ್ಳಿ ಶೆಡ್ ಅವಕ್ಕ ಮನಿ ಆತು. ಅದರ ಕ್ಯಾಬ್‌ನ್ಯಾಗ ಕಂಪ್ಯೂಟರ್ ಐತಿ, ಡಿಸ್ಪ್ಲೇ ಮ್ಯಾಲೆ ಫಾಲ್ಟ್ ಮೆಸೇಜ್ ಬರತದ, ಹಿಂದಿನ ಫಾಲ್ಟ್‌ಗೋಳು ಆರ್ಕೈವ್‌ನ್ಯಾಗ ಉಳೀತಾವ. ಭಾಳ ಉಪಯೋಗ. ಆದ್ರೂ ಅದು ಏನ ಕೆಟ್ಟೈತಿ ಅಂತ ಅಕ್ಷರದಾಗ ಹೇಳತದ, ಹೆಂಗ ಬಿಚ್ಚಬೇಕು ಅಂತ ತೋರಸೂದಿಲ್ಲ. ಇವರು 83ರಾಗ ಅದನ್ನೂ ತೋರಿಸಿದ್ರು ಅಂದ್ರ ದೊಡ್ಡ ಮಾತ ರೀ.

ಮಲ್ನಾಡ್_ಮೇಷ್ಟ್ರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ನಂಗೆ ಬೇಕಾಗಿದ್ದದ್ದು ಇದೇ. ಹುಬ್ಳಿ ಸರ್, ನಿಮ್ಮ ಹೊಗೆ ಬಣ್ಣದ ಮಾತು ಹಂಗೇ ರೂಲ್ ಆಗಿ ಬರೆಸ್ತೀನಿ ಹುಡುಗ್ರ ಕೈಲಿ.

ಒಂದು ಡೌಟು. ವಿಡಿಯೋ ಕಂಪ್ಯೂಟರ್ ಒಳಗೇ ಇಡದೆ ಬೇರೆ ಪ್ಲೇಯರ್ ಯಾಕೆ? ಡಿಸ್ಕ್‌ನಲ್ಲಿ ಜಾಗ ಇರ್ಲಿಲ್ಲ ಅಂತ ಊಹೆ ಮಾಡ್ಬಹುದು, ಆದ್ರೆ ಕಂಪ್ಯೂಟರ್ರು ಆ ಪ್ಲೇಯರ್‌ಗೆ ಇಂಥಾ ದೃಶ್ಯವೇ ತೋರ್ಸು ಅಂತ ಹೆಂಗೆ ಹೇಳ್ತಿತ್ತು?

ಟೇಪ್_ರೆಕಾರ್ಡರ್:

ಮೇಷ್ಟ್ರೇ ಇದು ನನ್ನ ಏರಿಯಾ, ಹಳೇ ಡಿಸ್‌ಪ್ಲೇ, ಹಳೇ ಪ್ಲೇಯರ್ ಅಂದ್ರೆ ನಂಗೆ ಪ್ರಾಣ.

ಮೊದಲು ಲೆಕ್ಕ ಹಾಕಿ. 640 ಅಡ್ಡ 480 ಉದ್ದ, ಪಿಕ್ಸೆಲ್‌ಗೆ ಒಂದು ಬೈಟ್ ಅಂದ್ರೆ ಒಂದೇ ಒಂದು ಚಿತ್ರಕ್ಕೆ 3,07,200 ಬೈಟ್ ಬೇಕು. 10 ಮೆಗಾಬೈಟ್ ಡಿಸ್ಕ್ ಪೂರಾ ಖಾಲಿ ಇದ್ರೂ ಮೂವತ್ತು ಚಿಲ್ಲರೆ ಫೋಟೋಗೆ ತುಂಬಿಹೋಯ್ತು. ಸೆಕೆಂಡಿಗೆ 30 ಫ್ರೇಮ್ ವಿಡಿಯೋ ಅಂದ್ರೆ ಒಂದು ಸೆಕೆಂಡ್‌ಗೇ ಡಿಸ್ಕ್ ಹೆಚ್ಚುಕಮ್ಮಿ ತುಂಬಿಹೋಗುತ್ತೆ. ಅದೇ ಲೇಸರ್‌ಡಿಸ್ಕ್‌ನ ಒಂದು ಬದಿಗೆ 54,000 ಫ್ರೇಮ್ ಹಿಡಿತಿತ್ತು, ಪ್ರತಿ ಫ್ರೇಮ್‌ಗೂ ತನ್ನದೇ ನಂಬರ್. ಅದು ಡಿಜಿಟಲ್ ಅಲ್ಲ, ಚಿತ್ರ ಅನಲಾಗ್ ಸಿಗ್ನಲ್ ಆಗೇ ಇರೋದು, ಆದ್ರೆ ವಿಳಾಸ ಮಾತ್ರ ನಂಬರಿನದು. ಇದೇ ಅದರ ಚೆಂದ. ಕಂಪ್ಯೂಟರ್ ಸೀರಿಯಲ್ ಕೇಬಲ್‌ನಲ್ಲಿ "ಇಷ್ಟನೇ ಫ್ರೇಮಿಗೆ ಹೋಗು, ಅಲ್ಲಿಂದ ಇಷ್ಟನೇ ಫ್ರೇಮ್ ತನಕ ಓಡಿಸು" ಅಂತ ನಾಲ್ಕಕ್ಷರ ಕಳಿಸಿದ್ರೆ ಸಾಕು. ಡಿಸ್ಕ್ ನಿಮಿಷಕ್ಕೆ 1800 ಸುತ್ತು ಸುತ್ತುತ್ತೆ, ಒಂದು ಸುತ್ತಿಗೆ ಸರಿಯಾಗಿ ಒಂದು ಫ್ರೇಮು, ಹಂಗಾಗಿ ಲೇಸರ್ ಅದೇ ಸುತ್ತನ್ನ ಮತ್ತೆ ಮತ್ತೆ ಓದ್ತಾ ಇದ್ರೆ ಚಿತ್ರ ಅಲುಗಾಡದೆ ನಿಂತ್ಕೊಳುತ್ತೆ, ಸವೆಯೋದೂ ಇಲ್ಲ. ವಿಡಿಯೋ ಟೇಪ್‌ನಲ್ಲಿ ಇದು ಆಗ್ತಿರ್ಲಿಲ್ಲ, ಪಾಜ್ ಮಾಡಿ ನಿಲ್ಲಿಸಿಟ್ರೆ ಹೆಡ್ ಉಜ್ಜಿ ಟೇಪ್ ಹಾಳಾಗ್ತಿತ್ತು, ಬೇಕಾದ ಜಾಗಕ್ಕೆ ಹೋಗೋಕೆ ಸುತ್ತಿಸ್ತಾ ಕೂರಬೇಕಿತ್ತು.

ಇದನ್ನ ಡೆಲ್ಟಾಕ್ಕಿಂತ ಮುಂಚೆ ಅದ್ಭುತವಾಗಿ ಬಳಸಿದ್ದು ಎಂಐಟಿಯ ಆರ್ಕಿಟೆಕ್ಚರ್ ಮಷೀನ್ ಗ್ರೂಪಿನವರು, 1978ರ ಆಸ್ಪೆನ್ ಮೂವಿ ಮ್ಯಾಪ್. ಕೊಲರಾಡೋದ ಆಸ್ಪೆನ್ ಊರಿನ ಬೀದಿ ಬೀದಿಲಿ ಕಾರ್ ಓಡಿಸಿ, ಅದರ ಮೇಲೆ ನಾಲ್ಕು ದಿಕ್ಕಿಗೂ 16 ಎಂಎಂ ಕ್ಯಾಮೆರಾ ಕಟ್ಟಿ, ಪ್ರತಿ 10 ಅಡಿಗೆ ಒಂದು ಫೋಟೋ ತೆಗೆದ್ರು. ಅದನ್ನೆಲ್ಲಾ ಲೇಸರ್‌ಡಿಸ್ಕ್‌ಗೆ ಹಾಕಿ, ಮುಂದೆ ಹೋಗು, ಎಡಕ್ಕೆ ತಿರುಗು ಅಂತ ಸ್ಕ್ರೀನ್ ಮುಟ್ಟಿ ಊರೆಲ್ಲಾ ಸುತ್ತೋ ಹಾಗೆ ಮಾಡಿದ್ರು. ಒಂದೇ ಬೀದಿನ ಬೇರೆ ಋತುವಲ್ಲೂ ನೋಡ್ಬಹುದಿತ್ತು, ಹಿಮ ಬಿದ್ದಾಗ ಹೆಂಗಿರುತ್ತೆ ಅಂತ. ದುಡ್ಡು ಕೊಟ್ಟಿದ್ದು ಅಮೆರಿಕಾದ ರಕ್ಷಣಾ ಸಂಶೋಧನಾ ಸಂಸ್ಥೆ, ಕಾರಣ 1976ರ ಎಂಟೆಬ್ಬೆ ಕಾರ್ಯಾಚರಣೆ (ಉಗಾಂಡಾದ ವಿಮಾನ ನಿಲ್ದಾಣದಲ್ಲಿದ್ದ ಒತ್ತೆಯಾಳುಗಳನ್ನ ಇಸ್ರೇಲ್ ಸೈನಿಕರು ಬಿಡಿಸಿದ್ದು), ಕಾಣದ ಜಾಗವನ್ನ ಸೈನಿಕರಿಗೆ ಮೊದಲೇ ಪರಿಚಯ ಮಾಡಿಸೋದು ಹೆಂಗೆ ಅನ್ನೋ ಯೋಚನೆ.

ಇನ್ನೂ ಹಿಂದಕ್ಕೆ ಹೋದ್ರೆ ಪ್ಲೇಟೋ, ಕಂಪ್ಯೂಟರ್‌ನಿಂದ ಪಾಠ ಹೇಳೋ ಸಿಸ್ಟಮ್ಮು. ಇಲಿನಾಯ್ ಯೂನಿವರ್ಸಿಟಿಯ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ, ರಾಬರ್ಟ್ ವಿಲ್ಸನ್ ಮೂರು ಜನ 1964ರಲ್ಲಿ ಪ್ಲಾಸ್ಮಾ ಡಿಸ್‌ಪ್ಲೇ ಕಂಡುಹಿಡಿದದ್ದೇ ಪಾಠ ಹೇಳೋ ಕಂಪ್ಯೂಟರಿಗೋಸ್ಕರ. ಆಗ ಮೆಮೊರಿ ಚಿನ್ನದ ಬೆಲೆ, ಸ್ಕ್ರೀನ್ ಮೇಲಿರೋದನ್ನ ನೆನಪಿಟ್ಕೊಳ್ಳೋಕೆ ಪ್ರತಿ ಟರ್ಮಿನಲ್‌ಗೂ ಮೆಮೊರಿ ಕೊಡೋಕಾಗಲ್ಲ. ಪ್ಲಾಸ್ಮಾದಲ್ಲಿ ಚುಕ್ಕಿ ಒಂದ್ಸಲ ಹೊತ್ಕೊಂಡ್ರೆ ಆರಿಸೋ ತನಕ ತಾನೇ ಹೊತ್ಕೊಂಡಿರುತ್ತೆ, ಸ್ಕ್ರೀನೇ ಮೆಮೊರಿ. 1972ರ ಪ್ಲೇಟೋ-4 ಟರ್ಮಿನಲ್‌ನಲ್ಲಿ 512 ಅಡ್ಡ 512 ಕಿತ್ತಳೆ ಬಣ್ಣದ ಚುಕ್ಕಿಗಳು, ಮುಂದೆ ಇನ್‌ಫ್ರಾರೆಡ್ ಟಚ್ ಪ್ಯಾನೆಲ್ಲು. ಆ ಗಾಜು ಪಾರದರ್ಶಕ ಅಲ್ವಾ, ಹಿಂದುಗಡೆಯಿಂದ ಸ್ಲೈಡ್ ಪ್ರೊಜೆಕ್ಟರ್ ಇಟ್ಟು ಮೈಕ್ರೋಫಿಶ್ ಅನ್ನೋ ಫಿಲ್ಮ್ ಹಾಳೆಯಲ್ಲಿರೋ ಪುಟ್ಟ ಪುಟ್ಟ 256 ಬಣ್ಣದ ಚಿತ್ರದಲ್ಲಿ ಬೇಕಾದ್ದನ್ನ ಸ್ಕ್ರೀನ್ ಮೇಲೆ ಬೀಳಿಸ್ತಿದ್ರು. ಸ್ಲೈಡ್ ಸರಿಸೋಕೆ ಮೋಟರ್ ಅಲ್ಲ, ಗಾಳಿಯ ಒತ್ತಡ! ಹಿಂದೆ ಬಣ್ಣದ ಫೋಟೋ, ಅದರ ಮೇಲೆ ಕಂಪ್ಯೂಟರ್ ಬರೆದ ಕಿತ್ತಳೆ ಗೆರೆ, ಬಾಣ, ಅಕ್ಷರ, ಬೆರಳಿಂದ ಮುಟ್ಟಿದ್ರೆ ಉತ್ತರ. ನನ್ನ ಕೇಳಿದ್ರೆ ಮಲ್ಟಿಮೀಡಿಯಾ ಪಾಠನ ಸಿಡಿ-ರಾಮ್‌ನಿಂದ ಅಲ್ಲ, ಇಲ್ಲಿಂದ ಶುರು ಮಾಡ್ಬೇಕು.

ಕೋಡ್_ಕೊಡಗು:

ಎಲ್ಲಾ ಓದಿದೆ, ಚೆನ್ನಾಗಿದೆ, ಆದ್ರೆ ನಂದೊಂದು ಭಿನ್ನಾಭಿಪ್ರಾಯ ಇದೆ. ಎಕ್ಸ್‌ಪರ್ಟ್ ಸಿಸ್ಟಮ್‌ಗಳ ಹಣೆಬರಹಕ್ಕೂ ಡಿಸ್‌ಪ್ಲೇಗೂ ಅಷ್ಟು ಸಂಬಂಧ ಇಲ್ಲ ಅನ್ಸುತ್ತೆ. ಅತೀ ಯಶಸ್ವಿ ಆದದ್ದು ಎಕ್ಸ್‌ಕಾನ್, ಕಾರ್ನೆಗಿ ಮೆಲನ್‌ನ ಜಾನ್ ಮೆಕ್‌ಡರ್ಮಟ್ 1978ರಲ್ಲಿ ಶುರು ಮಾಡಿದ್ದು, ಮೊದಲ ಹೆಸರು ಆರ್1. ಡಿಇಸಿ ಕಂಪನಿಗೆ ವ್ಯಾಕ್ಸ್ ಕಂಪ್ಯೂಟರ್ ಆರ್ಡರ್ ಬಂದಾಗ ಯಾವ ಬೋರ್ಡು, ಯಾವ ಕೇಬಲ್ಲು, ಯಾವ ಕ್ಯಾಬಿನೆಟ್ ಬೇಕು ಅಂತ ಹೊಂದಿಸೋ ಕೆಲಸ. ಸಾವಿರಾರು ರೂಲ್‌ಗೆ ಬೆಳೀತು, ಕಂಪನಿಗೆ ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಉಳಿಸ್ತು ಅಂತಾರೆ. ಅದರಲ್ಲಿ ವಿಡಿಯೋ ಇತ್ತಾ? ಇರ್ಲಿಲ್ಲ. ಇವು ಕಡೆಗೆ ಹಿಂದೆ ಬಿದ್ದದ್ದು ರೂಲ್ ಬದಲಾಯಿಸ್ತಾ ಇರೋ ಖರ್ಚಿಂದ. ಪ್ರಾಡಕ್ಟ್ ಬದಲಾದಾಗೆಲ್ಲಾ ರೂಲ್ ತಿದ್ದಬೇಕು, ಒಂದು ತಿದ್ದಿದ್ರೆ ಇನ್ನೆಲ್ಲೋ ಇನ್ನೊಂದು ಎಡವಟ್ಟಾಗುತ್ತೆ.

ಲಿಸ್ಪ್_ಅಜ್ಜ:

ಕೊಡಗು ಅವರೇ, ರೂಲ್ ತಿದ್ದೋ ಖರ್ಚಿನ ಮಾತು ನೂರಕ್ಕೆ ನೂರು ಒಪ್ತೀನಿ. ಆದ್ರೆ ಎಕ್ಸ್‌ಕಾನ್ ಉದಾಹರಣೆ ನನ್ನ ಕಡೆಗೇ ಬರುತ್ತೆ. ಆರ್1 ಆರ್ಡರ್ ಪರೀಕ್ಷೆ ಮಾಡಿ ಸರಿ, ತಪ್ಪು ಅಂತ ಹೇಳಿ ಸುಮ್ಮನಾಗ್ತಿರ್ಲಿಲ್ಲ. ಅದರ ಕೊನೆಯ ಔಟ್‌ಪುಟ್ಟೇ ಡಯಾಗ್ರಾಮ್‌ಗಳು, ಯಾವ ಭಾಗ ಯಾವ ಭಾಗಕ್ಕೆ ಹೆಂಗೆ ಸೇರುತ್ತೆ, ಎಲ್ಲಿ ಕೂರುತ್ತೆ ಅಂತ. ಮೆಕ್‌ಡರ್ಮಟ್ ತಮ್ಮ ಪೇಪರಿನ ಶುರುವಲ್ಲೇ ಅದನ್ನ ಹೇಳ್ತಾರೆ. ಜೋಡಿಸೋ ಟೆಕ್ನೀಷಿಯನ್ ಕೈಗೆ ಆ ಚಿತ್ರ ಹೋಗ್ತಿತ್ತು, ಅವನು ಅದನ್ನ ನೋಡ್ಕೊಂಡು ಜೋಡಿಸ್ತಿದ್ದ. ಬಣ್ಣ ಇರ್ಲಿಲ್ಲ, ಚಲನೆ ಇರ್ಲಿಲ್ಲ, ಆದ್ರೆ ಕೆಲಸ ಮಾಡೋನ ಕಣ್ಣಿಗೆ ಬೇಕಾದ ರೂಪದಲ್ಲಿ ಉತ್ತರ ಇತ್ತು. ನಾನು ಹೇಳೋದು ಅಷ್ಟೇ: ತೀರ್ಮಾನ ಸರಿ ಇದ್ರೆ ಸಾಲದು, ಅದು ಆ ಕೆಲಸಗಾರ ನಿಂತಿರೋ ಜಾಗಕ್ಕೆ ತಲುಪಬೇಕು, ಅವನು ಬಳಸೋ ಆಕಾರದಲ್ಲಿ ತಲುಪಬೇಕು. ಹಳೇ ಸಿಸ್ಟಮ್‌ಗಳನ್ನ ಅಳೆಯೋಕೆ ನಾನು ಬಳಸೋ ಅಳತೆ ಇದು.

ವಾರ್ಡ್_ನಂ_ಏಳು:

ನಾನು ಡಾಕ್ಟರ್, ಮೆಡಿಕಲ್ ಇನ್‌ಫರ್ಮ್ಯಾಟಿಕ್ಸ್ ಓದ್ಕೊಂಡಿದೀನಿ, ಅಜ್ಜ ಅವರ ಮಾತಿಗೆ ಮೈಸಿನ್‌ಗಿಂತ ಒಳ್ಳೇ ಸಾಕ್ಷಿ ಇಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 70ರ ದಶಕದಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಮಾಡಿದ್ದು, ರಕ್ತದ ಸೋಂಕು, ಮೆನಿಂಜೈಟಿಸ್‌ಗೆ (ಮೆದುಳಿನ ಪೊರೆಯ ಸೋಂಕು) ಯಾವ ಆಂಟಿಬಯೋಟಿಕ್ ಅಂತ ಹೇಳೋದು. 1979ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೆನಿಂಜೈಟಿಸ್ ಕೇಸ್‌ಗಳನ್ನ ಮೈಸಿನ್‌ಗೂ ಕೊಟ್ರು, ಸ್ಟ್ಯಾನ್‌ಫರ್ಡ್‌ನ ಡಾಕ್ಟರ್‌ಗಳಿಗೂ ಕೊಟ್ರು, ಯಾರದ್ದು ಯಾವ ಉತ್ತರ ಅಂತ ಹೇಳದೆ ಹೊರಗಿನ ತಜ್ಞರ ಕೈಲಿ ಮಾರ್ಕ್ಸ್ ಹಾಕಿಸಿದ್ರು. ಮೈಸಿನ್ ಸಲಹೆ ಒಪ್ಪಬಹುದು ಅಂತ 65% ಸಲ ಹೇಳಿದ್ರು, ಅಲ್ಲಿಯ ತಜ್ಞ ಡಾಕ್ಟರ್‌ಗಳು ಯಾರೂ ಅದನ್ನ ದಾಟಲಿಲ್ಲ. ಆದ್ರೂ ಮೈಸಿನ್ ಒಂದು ದಿನಾನೂ ವಾರ್ಡಿನಲ್ಲಿ ಬಳಕೆಗೆ ಬರ್ಲಿಲ್ಲ.

ಕಾನೂನು, ಹೊಣೆಗಾರಿಕೆ ಅಂತ ಪುಸ್ತಕದಲ್ಲಿ ಬರೀತಾರೆ, ಅದೂ ನಿಜ. ಆದ್ರೆ ವಾರ್ಡ್‌ನಲ್ಲಿ ನಿಂತು ಯೋಚಿಸಿ. ಒಂದು ಟರ್ಮಿನಲ್ ಹುಡ್ಕೊಂಡು ಹೋಗಿ ಕೂತು, ಪೇಷಂಟ್ ಹೆಸರಿಂದ ಹಿಡಿದು ಕಲ್ಚರ್ ಟೆಸ್ಟ್‌ಗೆ (ಸೋಂಕಿನ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಸ್ಯಾಂಪಲ್ ಎಲ್ಲಿಂದ ತೆಗೆದ್ರಿ, ಯಾವಾಗ ತೆಗೆದ್ರಿ ಅಂತ ಒಂದೊಂದೇ ಪ್ರಶ್ನೆಗೆ ಟೈಪ್ ಮಾಡ್ತಾ ಅರ್ಧ ಗಂಟೆ, ಕೆಲವು ಸಲ ಇನ್ನೂ ಜಾಸ್ತಿ. ಕೇಸ್ ಶೀಟ್‌ನಲ್ಲಿ ಆಗಲೇ ಬರೆದಿರೋದನ್ನ ಮತ್ತೆ ಬರೀಬೇಕು. ಯಾವ ಡ್ಯೂಟಿ ಡಾಕ್ಟರ್ ಕೂರ್ತಾರೆ?

ಇದರಿಂದ ಪಾಠ ಕಲಿತು ಅದೇ ಗುಂಪು ಆಂಕೋಸಿನ್ ಅಂತ ಮಾಡ್ತು, ಕ್ಯಾನ್ಸರ್ ಕೀಮೋಥೆರಪಿ ಪ್ರೋಟೋಕಾಲ್‌ಗೆ. 1981ರಿಂದ ಸ್ಟ್ಯಾನ್‌ಫರ್ಡ್‌ನ ಆಂಕಾಲಜಿ ಕ್ಲಿನಿಕ್‌ನಲ್ಲಿ ನಿಜವಾದ ಪೇಷಂಟ್‌ಗಳಿಗೆ ಬಳಸಿದ್ರು. ಇಲ್ಲಿ ಪ್ರಶ್ನೋತ್ತರ ಇಲ್ಲ. ಡಾಕ್ಟರ್‌ಗಳು ಮೊದಲಿಂದ ತುಂಬ್ತಿದ್ದ ಫ್ಲೋ ಶೀಟ್ ಇರುತ್ತಲ್ಲ, ಪ್ರತಿ ವಿಸಿಟ್‌ಗೂ ಒಂದು ಕಾಲಂ, ಬ್ಲಡ್ ಕೌಂಟು, ಡೋಸು, ಅಡ್ಡಪರಿಣಾಮ, ಅದೇ ಹಾಳೆನ ಹಂಗಂಗೇ ಸ್ಕ್ರೀನ್ ಮೇಲೆ ತಂದ್ರು. ಡಾಕ್ಟರ್ ಇವತ್ತಿನ ಕೌಂಟ್ ತುಂಬ್ತಾ ಹೋಗ್ತಾರೆ, ಹಿಂದುಗಡೆ ರೂಲ್‌ಗಳು ಓಡ್ತಾ ಇರ್ತಾವೆ, ಬಿಳಿ ರಕ್ತಕಣ ಕಮ್ಮಿ ಇದ್ರೆ ಡೋಸ್ ಕಾಲಂನಲ್ಲಿ ಇಳಿಸಿದ ಡೋಸ್ ತಾನೇ ಬಂದಿರುತ್ತೆ. ಒಪ್ಪಿಗೆ ಇಲ್ಲದಿದ್ರೆ ಡಾಕ್ಟರ್ ಬದಲಾಯಿಸ್ಬಹುದು. 80ರ ದಶಕದ ಮಧ್ಯದಲ್ಲಿ ಅದನ್ನ ಜೆರಾಕ್ಸ್ ಲಿಸ್ಪ್ ವರ್ಕ್‌ಸ್ಟೇಷನ್‌ಗೆ ತಂದು, ಗ್ರಾಫಿಕ್ಸ್, ಮೌಸ್ ಸೇರಿಸಿದ್ರು. ಮೈಸಿನ್‌ದು ಎಲ್ಲಾ ಕಡೆ ಓದಿಸ್ತಾರೆ, ಆಂಕೋಸಿನ್‌ದು ಯಾರೂ ಓದಿಸಲ್ಲ, ನಂಗೆ ಇದು ಬೇಜಾರು. ಮೇಷ್ಟ್ರೇ, ನೀವಾದ್ರೂ ಎರಡೂ ಒಟ್ಟಿಗೆ ಹೇಳಿ.

ಹಡಗು_ಹುಚ್ಚ:

ಉಗಿ ಇಂಜಿನ್ ಬಿಟ್ರಲ್ಲ! ಸ್ಟೀಮರ್ ಪ್ರಾಜೆಕ್ಟ್ ಹೇಳ್ಲೇಬೇಕು. ಅಮೆರಿಕಾದ ನೌಕಾಪಡೆಗೆ ಸ್ಯಾನ್ ಡಿಯಾಗೋದ ಅವರ ಸಂಶೋಧನಾ ಕೇಂದ್ರ ಮತ್ತು ಬೋಲ್ಟ್ ಬೆರನೆಕ್ ಅಂಡ್ ನ್ಯೂಮನ್ ಕಂಪನಿ ಸೇರಿ ಮಾಡಿದ್ದು, ಜಿಮ್ ಹಾಲನ್, ಎಡ್ವಿನ್ ಹಚಿನ್ಸ್, ಲೂಯಿಸ್ ವೈಟ್ಸ್‌ಮನ್ 1984ರಲ್ಲಿ ಇದರ ಬಗ್ಗೆ ಬರೆದ ಪೇಪರ್ ಈಗಲೂ ಓದೋ ಹಾಗಿದೆ. ಯುದ್ಧನೌಕೆಯ ಉಗಿ ಪ್ಲಾಂಟ್ ಓಡಿಸೋದನ್ನ ಕಲಿಸೋ ಸಿಸ್ಟಮ್ಮು. ಲಿಸ್ಪ್ ಓಡಿಸೋಕೆ ಅಂತಲೇ ಮಾಡಿದ ಲಿಸ್ಪ್ ಮಷೀನು, ಕಲರ್ ಸ್ಕ್ರೀನು. ಬಾಯ್ಲರ್, ಪಂಪು, ವಾಲ್ವು, ಮೀಟರ್ ಎಲ್ಲಾ ಚಿತ್ರದಲ್ಲಿ ಬರುತ್ತೆ, ಮೌಸ್‌ನಿಂದ ವಾಲ್ವ್ ತೆಗೆದ್ರೆ ಒಳಗಿನ ಸಿಮ್ಯುಲೇಷನ್ ಲೆಕ್ಕ ಹಾಕಿ ಪೈಪಲ್ಲಿ ಹರಿವು ಓಡಾಡೋದು ಕಾಣುತ್ತೆ.

ಅದರಲ್ಲಿ ಒಂದು ವಿಷ್ಯ ನಂಗೆ ಬಹಳ ಹಿಡಿಸಿದ್ದು. ನಿಜವಾದ ಪ್ಲಾಂಟ್‌ನಲ್ಲಿ ಇಲ್ಲದೇ ಇರೋ ಮೀಟರ್‌ನೂ ಅವರು ಚಿತ್ರಕ್ಕೆ ಹಾಕಿದ್ರು. ಮಟ್ಟ ಎಷ್ಟಿದೆ ಅನ್ನೋದರ ಜೊತೆ, ಅದು ಏರ್ತಾ ಇದೆಯಾ ಇಳೀತಾ ಇದೆಯಾ, ಎಷ್ಟು ಜೋರಾಗಿ, ಅಂತ ತೋರಿಸೋ ಗುರುತು. ಯಾಕಂದ್ರೆ ಪಳಗಿದ ಆಪರೇಟರ್ ಮುಳ್ಳು ಎಲ್ಲಿದೆ ಅಂತ ನೋಡೋದಕ್ಕಿಂತ ಅದು ಯಾವ ಕಡೆ ಹೊರಟಿದೆ ಅಂತ ನೋಡ್ತಾನೆ. ಅವನ ತಲೇಲಿ ನಡೆಯೋದನ್ನ ರೂಲ್ ಮಾಡೋ ಬದಲು ಕಣ್ಣಿಗೇ ಕಾಣಿಸಿದ್ರು. ಎಕ್ಸ್‌ಪರ್ಟ್ ಜ್ಞಾನವನ್ನ ಚಿತ್ರದಲ್ಲೂ ಬರೀಬಹುದು ಅಂತ ಇದರಿಂದ ಗೊತ್ತಾಗುತ್ತೆ.

ಮುಂದಿನ ಹೆಜ್ಜೆನೂ ಹೇಳ್ಬಿಡ್ತೀನಿ. ಡೆಲ್ಟಾದಲ್ಲಿ ಚಿತ್ರ ಮೊದಲೇ ತೆಗೆದಿಟ್ಟದ್ದು. ಕೊಲಂಬಿಯಾ ಯೂನಿವರ್ಸಿಟಿಯ ಸ್ಟೀವನ್ ಫೈನರ್ ಮತ್ತು ಕ್ಯಾಥ್ಲೀನ್ ಮೆಕ್‌ಕ್ಯೂನ್ ಕಾಮೆಟ್ ಅನ್ನೋ ಸಿಸ್ಟಮ್‌ನಲ್ಲಿ, ಸೈನ್ಯದ ರೇಡಿಯೋ ರಿಪೇರಿ ವಿವರಿಸೋಕೆ ಚಿತ್ರ, ವಾಕ್ಯ ಎರಡನ್ನೂ ಕಂಪ್ಯೂಟರ್ರೇ ಆ ಕ್ಷಣಕ್ಕೆ ರಚಿಸೋ ಹಾಗೆ ಮಾಡಿದ್ರು, ಯಾವುದನ್ನ ಚಿತ್ರದಲ್ಲಿ ಹೇಳ್ಬೇಕು ಯಾವುದನ್ನ ಮಾತಲ್ಲಿ ಹೇಳ್ಬೇಕು ಅಂತ ತೀರ್ಮಾನಿಸೋದೂ ಸಿಸ್ಟಮ್ಮೇ. 1993ರಲ್ಲಿ ಫೈನರ್ ಮತ್ತು ಸಂಗಡಿಗರ ಕರ್ಮಾ ಬಂತು, ತಲೆಗೆ ಹಾಕೋ ಪಾರದರ್ಶಕ ಡಿಸ್‌ಪ್ಲೇ, ಅದರಲ್ಲಿ ನಿಜವಾದ ಲೇಸರ್ ಪ್ರಿಂಟರ್ ಮೇಲೆಯೇ ಗೆರೆ ಮೂಡಿ ಪೇಪರ್ ಟ್ರೇ ಹೆಂಗೆ ಎಳೀಬೇಕು ಅಂತ ತೋರಿಸೋದು. ಒಳಗಡೆ ಕೆಲಸ ಮಾಡ್ತಿದ್ದದ್ದು ರೂಲ್‌ಗಳೇ.

ಹುಬ್ಳಿ_ಲೋಕೋ:

ಮುಳ್ಳು ಯಾವ ಕಡೆ ಹೊಂಟೈತಿ ಅನ್ನೂದು ಖರೇ ಮಾತ ನೋಡ್ರಿ. ವಾಟರ್ ಟೆಂಪರೇಚರ್ ಎಷ್ಟೈತಿ ಅನ್ನೂದಕಿಂತ ಹೆಂಗ ಏರಾಕತ್ತೈತಿ ಅನ್ನೂದರ ಮ್ಯಾಲೆ ರೇಡಿಯೇಟರ್ ಫ್ಯಾನ್ ಹೊಂಟಿಲ್ಲ ಅಂತ ಹೇಳಬಹುದು. ಮೇಷ್ಟ್ರ, ನಿಮ್ಮ ಹುಡುಗರಿಗೆ ಬೇಕಂದ್ರ ಇಂಥಾವು ಇನ್ನೂ ಬರದ ಕೊಡತೀನಿ.

ಟೇಪ್_ರೆಕಾರ್ಡರ್:

ನಮ್ಮ ಕಡೆ ಏನಾಗ್ತಿತ್ತು ಅಂತ ಯಾರೂ ಹೇಳ್ಲಿಲ್ಲ ಅಂತ ಒಂದು ಸಾಲು. 1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ನೆರವಿಂದ ನಾಲೆಡ್ಜ್ ಬೇಸ್ಡ್ ಕಂಪ್ಯೂಟರ್ ಸಿಸ್ಟಮ್ಸ್ ಅನ್ನೋ ಕಾರ್ಯಕ್ರಮ ಶುರು ಮಾಡ್ತು. ಅದರ ಕೇಂದ್ರಗಳಲ್ಲಿ ಬೆಂಗಳೂರಿನ ಐಐಎಸ್‌ಸಿ ಒಂದು, ಮದ್ರಾಸ್ ಐಐಟಿ, ಬಾಂಬೆಯ ಎನ್‌ಸಿಎಸ್‌ಟಿ, ಟಿಐಎಫ್‌ಆರ್ ಅನ್ನೋ ಸಂಶೋಧನಾ ಸಂಸ್ಥೆಗಳು ಕೂಡ ಇದ್ವು.

ಮಲ್ನಾಡ್_ಮೇಷ್ಟ್ರು:

ಎಲ್ಲರಿಗೂ ಕೈ ಮುಗೀತೀನಿ. ಇದನ್ನ ಲ್ಯಾಬ್ ಮಾಡಿಸ್ಬೇಕು ಅಂತ ತೀರ್ಮಾನ ಮಾಡಿದೀನಿ. ಹುಬ್ಳಿ ಸರ್ ಬರೆದು ಕೊಡೋದನ್ನ ರೂಲ್ ಮಾಡಿ, ಪ್ರತಿ ರೂಲ್‌ಗೂ ಒಂದು ವಿಡಿಯೋ ತುಣುಕು ಜೋಡಿಸಿ, ಡೆಲ್ಟಾ ಥರದ್ದೇ ಒಂದು ಚಿಕ್ಕದು. ಯಾವ ಸಾಫ್ಟ್‌ವೇರ್ ಒಳ್ಳೇದು? ಹುಡುಗ್ರು ಇಫ್-ಎಲ್ಸ್ ಸಾಲುಗಟ್ಟಿ ಬರೆದು ಮುಗಿಸ್ಬಾರ್ದು.

ಲಿಸ್ಪ್_ಅಜ್ಜ:

ಕ್ಲಿಪ್ಸ್ ತಗೊಳ್ಳಿ, ಇಫ್-ದೆನ್ ರೂಲ್ ಬರೆದುಕೊಟ್ರೆ ಓಡಿಸೋ ಸಾಫ್ಟ್‌ವೇರ್. 1985ರಲ್ಲಿ ನಾಸಾದ ಜಾನ್ಸನ್ ಸ್ಪೇಸ್ ಸೆಂಟರ್‌ನಲ್ಲಿ ಹುಟ್ಟಿದ್ದು, ಅವರಿಗೂ ಡೆಲ್ಟಾದವರಿಗೆ ಆದ ತೊಂದ್ರೆಯೇ, ಲಿಸ್ಪ್ ಮಷೀನ್ ಎಲ್ಲಾ ಕಡೆ ಸಿಗಲ್ಲ ಅಂತ ಸಿ ಭಾಷೇಲಿ ಬರೆದ್ರು. ಈಗಲೂ ಉಚಿತ, ಯಾವ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ರೂಲ್‌ನ ದೆನ್ ಭಾಗದಲ್ಲಿ ವಿಡಿಯೋ ಫೈಲ್ ಹೆಸರು, ಶುರುವಾಗೋ ಸೆಕೆಂಡು, ಮುಗಿಯೋ ಸೆಕೆಂಡು ಮೂರನ್ನ ಫ್ಯಾಕ್ಟ್ ಆಗಿ ಹಾಕಿಸಿ, ಪಕ್ಕದಲ್ಲಿ ಒಂದು ಸಣ್ಣ ಪೈಥಾನ್ ಪ್ರೋಗ್ರಾಮ್ ಅದನ್ನ ಓದಿ ಪ್ಲೇ ಮಾಡ್ಲಿ. ಲೇಸರ್‌ಡಿಸ್ಕ್‌ಗೆ ಫ್ರೇಮ್ ನಂಬರ್ ಕಳಿಸ್ತಿದ್ದದ್ದೂ ಇದೇ ವಿಧಾನ. ಕ್ಲಿಪ್ಸ್ ತಾನಾಗಿ ಫಾರ್ವರ್ಡ್ ಚೈನಿಂಗ್ ಮಾಡುತ್ತೆ, ಡೆಲ್ಟಾ ಎರಡೂ ಕಡೆ ಹೋಗ್ತಿತ್ತು, ಹಂಗಾಗಿ ಮುಂದೆ ಯಾವ ಪ್ರಶ್ನೆ ಕೇಳ್ಬೇಕು ಅನ್ನೋದನ್ನ ಹುಡುಗ್ರು ಬೇರೆ ರೂಲ್ ಆಗಿ ಬರೀಬೇಕಾಗುತ್ತೆ, ಕಷ್ಟ ಅಲ್ಲ. ವಿಡಿಯೋ ಮಾತ್ರ ಇಂಟರ್ನೆಟ್ಟಿಂದ ಇಳಿಸೋದು ಬೇಡ. ಹತ್ತಿರದ ಗ್ಯಾರೇಜ್‌ಗೆ ಕರ್ಕೊಂಡೋಗಿ, ಒಪ್ಪಿಗೆ ತಗೊಂಡು, ಮೆಕ್ಯಾನಿಕ್‌ನ ಕೈ ಎಲ್ಲಿ ಹೋಗುತ್ತೆ ಅಂತ ಅವರೇ ಹತ್ರದಿಂದ ಶೂಟ್ ಮಾಡ್ಲಿ. ಮೊದಲನೇ ರೂಲ್ ಮಾತ್ರ ಗೇಜ್ ಸರಿ ಇದೆಯಾ ಅನ್ನೋದೇ ಇರ್ಲಿ.